ಕೆಂಪು ಗುಡ್ಡಕ್ಕೆ ಹೋಗುತ್ತಿದ್ದ ಅಕ್ಕಾರು

ಅಕ್ಕಾರು ಸತ್ತರೆ ಗುಡ್ಡದಲ್ಲೇ ಸಾಯುವುದು ಎಂದು ನಮ್ಮ ಕಚೇರಿಯವರೆಲ್ಲ ವರ್ಷಾನುಗಟ್ಟಲೆ ಹೇಳುತ್ತ ಬಂದಿದ್ದರು. ಕಾಲು ಜಾರಿ ಬೀಳುತ್ತಾರೆ, ಇಲ್ಲವೇ ಹಾವು ಕಡಿಯುತ್ತದೆ, ಎರಡೂ ಆಗದಿದ್ದರೆ ಯಾವನಾದರೊಬ್ಬ ದುಷ್ಟ ಸಿಗುತ್ತಾನೆ ಎಂದು ಹೇಳಿ ಉಳಿದ ಮಾತು ನುಂಗುತ್ತಿದ್ದರು. ಅವರು ಹೋದದ್ದು ನವನಗರದ ತಮ್ಮ ಮನೆಯಲ್ಲಿ, ಮಟಮಟ ಮಧ್ಯಾಹ್ನ, ಊಟ ಮಾಡಿ ಚಾಪೆಯ ಮೇಲೆ ಅಡ್ಡಾದಾಗ. ಸಂಜೆ ಹಾಲು ಕೊಡಲು ಬಂದ ಪಕ್ಕದ ಮನೆಯ ಹೆಣ್ಣುಮಗಳು ನೋಡಿದಾಗ ಕನ್ನಡಕ ಬಿಚ್ಚಿ ತಲೆಯ ಬಳಿ ಇಟ್ಟಿದ್ದರಂತೆ, ನೀಟಾಗಿ, ಕಡ್ಡಿ ಮಡಚಿ.

ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಅಚ್ಚಾದರೆ ಅವರಿಗೆ ಸೇರುತ್ತಿರಲಿಲ್ಲ. ಕಚೇರಿಯಲ್ಲಿ ಎಲ್ಲರಿಗೂ ಅವರು ಅಕ್ಕಾರು. ವಯಸ್ಸಿನಲ್ಲಿ ಹಿರಿಯರಾದ ಜವಾನರೂ ಹಾಗೇ ಕರೆಯುತ್ತಿದ್ದರು.

ನಾನು ಗುಮಾಸ್ತೆಯಾಗಿ ಆ ಭೂಮಾಪನ ಕಚೇರಿ ಸೇರಿದಾಗ ನನಗೆ ಸಿಕ್ಕಿದ್ದು ಅವರ ಪಕ್ಕದ ಮೇಜು. ಅವರದು ಟ್ರೇಸರ್ ಕೆಲಸ. ಹಳೆಯ ನಕಾಶೆಯ ಮೇಲೆ ತೆಳುವಾದ ಕಾಗದ ಹಾಸಿ, ಗೆರೆಯ ಮೇಲೆ ಗೆರೆ ಎಳೆದು ನಕಲು ತೆಗೆಯುವುದು. ಕಂಪ್ಯೂಟರ್ ಬಂದ ಮೇಲೆ ಆ ಕೆಲಸ ಮುಗಿಯಿತು ಎಂದುಕೊಂಡಿದ್ದರು. ಮುಗಿಯಲಿಲ್ಲ. ಹಳೆಯ ಹಾಳೆಗಳಲ್ಲಿನ ಚುಕ್ಕಿ, ಅಡ್ಡಗೆರೆ, ಅಂಚಿನ ಹಳೆಯ ಮೋಡಿ ಲಿಪಿಯ ಅಕ್ಷರ ಯಾವುದು ಏನು ಎಂದು ಹೇಳಲು ಅವರೇ ಬೇಕಾಗುತ್ತಿದ್ದರು. ಒಮ್ಮೆ ಒಬ್ಬ ಮುದುಕ ಬಂದು, ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ಹಳೆಯ ಬಾಗಲಕೋಟೆಯಲ್ಲಿ ತನ್ನ ಮನೆ ಎಲ್ಲಿತ್ತು ಎಂದು ತೋರಿಸಿ ಎಂದ. ಕಾಗದಪತ್ರ ಏನೂ ಬೇಕಿರಲಿಲ್ಲ ಅವನಿಗೆ, ನೋಡಬೇಕಿತ್ತು ಅಷ್ಟೆ. ಅಕ್ಕಾರು ಊಟದ ಡಬ್ಬಿ ಮುಚ್ಚಿಟ್ಟು ಎದ್ದರು. ಮೂರು ಹಾಳೆ ಹುಡುಕಿ, ನೆಲದ ಮೇಲೆ ಹಾಸಿ, ಅವನ ಬೆರಳು ಹಿಡಿದು ಹಾಳೆಯ ಮೇಲೆ ನಡೆಸಿದರು. "ಇದು ಬಾವಿ. ಇಲ್ಲಿಂದ ಎಡಕ್ಕ. ಇದು ನಿಮ್ಮ ಮನಿ ಬಾಗಲಾ." ಮುದುಕ ಅಲ್ಲಿಯೇ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತ. ಅವನು ಎದ್ದು ಹೋಗುವವರೆಗೆ ಅಕ್ಕಾರು ಊಟಕ್ಕೆ ಏಳಲಿಲ್ಲ.

ತಿಂಗಳಿಗೊಂದು ಸೋಮವಾರ ಮುಂಜಾನೆ ಅವರ ಕ್ಯಾನ್ವಾಸ್ ಬೂಟುಗಳು ಮೇಜಿನ ಕೆಳಗೆ ಇರುತ್ತಿದ್ದವು. ಮನೆಗೆ ಹೋಗಿ ಸೀರೆ ಬದಲಿಸಿ ಬರುವಷ್ಟು ಸಮಯ ಸಿಗುತ್ತಿತ್ತು, ಬೂಟು ತೊಳೆಯುವಷ್ಟು ಸಿಗುತ್ತಿರಲಿಲ್ಲ. ಅವುಗಳ ತುಂಬ ಕುಂಕುಮದಂಥ ಕೆಂಪು ಧೂಳು. ಬಾದಾಮಿ ಗುಡ್ಡದ ಧೂಳು. ಕಸ ಹೊಡೆಯುವಾಕೆ ಗೊಣಗುತ್ತಿದ್ದಳು, "ಅಕ್ಕಾರ, ಅರ್ಧಾ ಗುಡ್ಡ ನೀವ ಹೊತ್ತಗೊಂಡ ಬಂದೀರಿ."

ತಿಂಗಳಿಗೊಮ್ಮೆ, ಎರಡನೆಯ ಶನಿವಾರದ ಬೆಳಗಿನ ಜಾವ, ಅವರು ಸ್ಕೂಟಿ ಹತ್ತಿ ಬಾದಾಮಿಗೆ ಹೋಗುತ್ತಿದ್ದರು. ಸ್ಕೂಟಿಯನ್ನು ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ಗುಡ್ಡ ಹತ್ತಿದರೆ ಇಳಿಯುತ್ತಿದ್ದುದು ಭಾನುವಾರ ಸಂಜೆ ಅಥವಾ ಸೋಮವಾರ ಮುಂಜಾನೆ. ಒಂದು ತಾಡಪತ್ರಿ, ಒಂದು ಕಂಬಳಿ, ಖಡಕ್ ರೊಟ್ಟಿಯ ಗಂಟು, ಗುರೆಳ್ಳ ಚಟ್ನಿ, ಬೆಲ್ಲ, ನೀರು, ಒಂದು ಬಿದಿರಿನ ಕೋಲು. ಇಳಕಲ್ ಸೀರೆಯನ್ನು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳ ಹಾಗೆ ಮೇಲೆತ್ತಿ ಕಚ್ಚೆ ಹಾಕಿ, ಕೆಳಗೆ ಆ ಬೂಟು. ಹಿಂದೆ ಮುಂದೆ ಯಾರೂ ಇಲ್ಲ, ನಾಯಿಯೊಂದನ್ನು ಬಿಟ್ಟರೆ.

ಮದುವೆ ಆಗಿರಲಿಲ್ಲ. ನವನಗರದಲ್ಲಿ ಒಬ್ಬರೇ ಇರುತ್ತಿದ್ದರು. ತಮ್ಮ ಇಳಕಲ್ಲಿನಲ್ಲಿ ಮಗ್ಗ ಇಟ್ಟುಕೊಂಡಿದ್ದ, ಹಬ್ಬಕ್ಕೆ ಅಲ್ಲಿಗೆ ಹೋಗಿ ಬರುತ್ತಿದ್ದರು. ಒಬ್ಬಂಟಿ ಹೆಂಗಸು, ಗುಡ್ಡದಲ್ಲಿ ಮಲಗಿ ಬರುತ್ತಾಳೆ ಎಂದರೆ ಜನ ಏನೇನು ಕೇಳಬಹುದೋ ಅದನ್ನೆಲ್ಲ ಕೇಳಿದ್ದರು. ದೇವರ ಹರಕೆಯೇ ಎಂದು ಒಬ್ಬರು ಮರ್ಯಾದೆಯಿಂದ ಕೇಳಿದಾಗ ಅಕ್ಕಾರು ಅಷ್ಟೇ ಮರ್ಯಾದೆಯಿಂದ ಹೇಳಿದ್ದರು, "ಹರಕಿ ಅಲ್ರಿ. ಚಟ."

ನಾಯಿಯ ಹೆಸರು ಕೆಂಚ್ಯಾ. ಅವನು ಸಿಕ್ಕಿದ ಕಥೆಯನ್ನು ಅಕ್ಕಾರು ನಗದೆ ಹೇಳಿದ್ದೇ ಇಲ್ಲ. ಇಳಕಲ್ಲಿನ ಹೊರಗೆ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹೊಡೆಯುವ ಕಡೆ, ಕಲ್ಲಿನ ಹಿಟ್ಟು ಕಲೆಸಿದ ನೀರು ನಿಂತ ಹೊಂಡದ ದಂಡೆಯಲ್ಲಿ, ಒಂದು ಬೂದುಬಣ್ಣದ ಮರಿ ಚೀರುತ್ತ ಕೂತಿತ್ತಂತೆ. ಅಯ್ಯೋ ಎಂದು ತಮ್ಮನ ಮನೆಗೆ ತಂದು, ಬಚ್ಚಲಲ್ಲಿ ಕೂರಿಸಿ ಬಿಸಿನೀರು ಹಾಕಿದರೆ ಬೂದು ಎಲ್ಲ ಹರಿದುಹೋಗಿ ಕೆಳಗಿಂದ ಕೆಂಪು ನಾಯಿ ಹೊರಬಂತು. "ನನ್ನ ತಮ್ಮನ ಹೇಣ್ತಿ ಗಾಬರಿ ಆಗಿ ಕಿರಚಿದ್ಲು. ಯಕ್ಕಾ, ಚರ್ಮಾನ ಸುಲದು ಬಿಟ್ಟೆಲ್ಲ ಅಂತ."

ಆ ಕೆಂಪು ಬಾದಾಮಿಯ ಬಂಡೆಗೆ ಎಷ್ಟು ಹೊಂದುತ್ತಿತ್ತೆಂದರೆ ಅಲ್ಲಿ ಅವನು ಹತ್ತು ಮಾರು ದೂರ ಹೋದರೆ ಕಾಣುತ್ತಲೇ ಇರಲಿಲ್ಲ. ಅದಕ್ಕೆ ಅಕ್ಕಾರು ಹಳೆಯ ಸೀರೆಯ ಹಸಿರು ದಡಿ ಹರಿದು ಅವನ ಕೊರಳಿಗೆ ಕಟ್ಟುತ್ತಿದ್ದರು. ಸ್ಕೂಟಿಯಲ್ಲಿ ಅವನ ಜಾಗ ಮುಂದೆ, ಕಾಲಿಡುವಲ್ಲಿ. ಕಿವಿ ಹಿಂದಕ್ಕೆ ಮಾಡಿಕೊಂಡು, ಊರಿನ ಹಿರಿಯನ ಹಾಗೆ ನೆಟ್ಟಗೆ ಕೂತು ಹೋಗುತ್ತಿದ್ದ. ಉಳಿದ ದಿನ ಕಚೇರಿಯ ಬೇವಿನ ಮರದ ಕೆಳಗೆ ಐದೂವರೆಯ ತನಕ ಮಲಗಿರುತ್ತಿದ್ದ. ಐದೂವರೆಗೆ ಏಳುತ್ತಿದ್ದ. ಗಡಿಯಾರ ನೋಡದೆ ನಾವೂ ಚೀಲ ಕಟ್ಟುತ್ತಿದ್ದೆವು.

ಒಂದು ಚಳಿಗಾಲದ ಭಾನುವಾರ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬೆಳಿಗ್ಗೆ ಹೋಗಿ ಸಂಜೆ ಬರುವುದೆಂದು ಮಾತು. ನಾನು ಬಾದಾಮಿಯನ್ನು ಹೊಂಡ, ಗುಡಿ, ಗುಹೆ, ಮಂಗಗಳ ಊರು ಎಂದು ತಿಳಿದವಳು. ಅವರು ಗುಹೆಗಳ ಕಡೆ ತಿರುಗಿಯೂ ನೋಡದೆ ಹಿಂದಿನಿಂದ ಹತ್ತಿಸಿದರು. ಒಂದು ತಾಸು ನಡೆದ ಮೇಲೆ ಊರಿನ ಸದ್ದು ನಿಂತಿತು. ಬಂಡೆಗಳ ಮೇಲೆ ಬಂಡೆ, ಯಾರೋ ಪದರ ಪದರವಾಗಿ ಒಟ್ಟಿದ ಹಾಗೆ, ನಡುವೆ ಕಳ್ಳಿ, ಜಾಲಿ, ಬಾರಿ ಗಿಡ. ಏದುಸಿರು ಬಂದರೂ ನಾನು ಬೇಗ ಬೇಗ ಕಾಲು ಹಾಕಿದೆ. ಅವರು ಕೋಲು ಅಡ್ಡ ಹಿಡಿದರು.

"ಯಾಕ ಅವಸರ? ಗುಡ್ಡ ಎಲ್ಲೂ ಹೋಗಂಗಿಲ್ಲ."

ಒಂದು ಕಡೆ ಎದೆಯೆತ್ತರದ ಕಲ್ಲು ಬಂತು. ನಾನು ಹಿಡಿಕೆ ಹುಡುಕಿ ಹತ್ತಲು ಹೊರಟೆ. ಮತ್ತೆ ಕೋಲು. "ಮೊದಲ ಇಳಿಯಾಕ ಬರ್ತೈತೋ ಇಲ್ಲೋ ನೋಡು. ಆಮ್ಯಾಲೆ ಹತ್ತು. ಹತ್ತೋದು ಕತ್ತೆಗೂ ಬರ್ತೈತಿ."

ಮಧ್ಯಾಹ್ನ ಒಂದು ಚಾಚಿದ ಬಂಡೆಯ ನೆರಳಲ್ಲಿ ಊಟ. ಬಂಡೆಯ ಕುಳಿಯಲ್ಲಿ ಮಳೆಗಾಲದ ನೀರು ಇನ್ನೂ ನಿಂತಿತ್ತು. ಕೆಂಚ್ಯಾನಿಗೆ ರೊಟ್ಟಿ ಮುರಿದು ಆ ನೀರಲ್ಲಿ ನೆನೆಸಿಕೊಟ್ಟು, ತಾವು ಒಣ ರೊಟ್ಟಿ ಕಡಿದರು. ಆ ಗುಡ್ಡದಲ್ಲಿ ಅದೊಂದೇ ಸದ್ದು. ಊಟ ಆದ ಮೇಲೆ ಒಂದು ತಾಸು ಅವರು ಏನೂ ಮಾತಾಡಲಿಲ್ಲ. ನನಗೆ ಮೊದಲು ಬೇಜಾರಾಯಿತು, ನನ್ನ ಮೇಲೆ ಸಿಟ್ಟೇ ಎನಿಸಿತು. ಆಮೇಲೆ ಅವರ ಮುಖ ನೋಡಿದೆ. ಕಚೇರಿಯಲ್ಲಿ ನೋಡಿರದ ಮುಖ. ಹಗುರಾದ ಮುಖ ಎನ್ನುತ್ತಾರಲ್ಲ, ಅಂಥದು. ಯಾಕೆ ಬರುತ್ತೀರಿ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಗುಡ್ಡದ ಆಚೆ ಬದಿಯಲ್ಲಿ ಅವರಿಗೆ ಗುರುತಿನವನು ಒಬ್ಬನಿದ್ದ. ಕುರಿ ಕಾಯುವ ಒಬ್ಬ ಮುದುಕ, ಎಲ್ಲರಿಗೂ ಮುತ್ಯಾ. ಬೀರಪ್ಪ ದೇವರ ಒಕ್ಕಲು, ಹಣೆಯ ಮೇಲೆ ಸದಾ ಭಂಡಾರದ ಅರಿಶಿನ. ಅಂದು ಇಳಿಯುವಾಗ ದಾರಿಯಲ್ಲಿ ಸಿಕ್ಕ. "ಇವತ್ತ ಜೋಡಿ ಕರಕೊಂಡು ಬಂದೀ ಯವ್ವಾ?" ಎಂದು ಆಶ್ಚರ್ಯಪಟ್ಟ. "ಹೊಸಾ ಮರಿ. ಕಲಸಾಕ ಹತ್ತೀನಿ" ಎಂದರು ಅಕ್ಕಾರು. ಮುತ್ಯಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾಲು ತೆಳ್ಳಗ ಅದಾವು" ಎಂದು ತೀರ್ಪು ಕೊಟ್ಟ.

ಅದಾದ ಮುಂದಿನ ತಿಂಗಳು ಅಕ್ಕಾರು ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟರು. ಕೆಟ್ಟುಹೋದ ಟ್ರೇಸಿಂಗ್ ಹಾಳೆಯ ತುಂಡು. ಅದರ ಮೇಲೆ ಅಂಗೈಯಷ್ಟು ನಕಾಶೆ. ಹತ್ತುವ ದಾರಿ, ಮಲಗುವ ಬಂಡೆ, ಇಳಿಯುವ ಕೊಳ್ಳ, ಎಲ್ಲ ಕೂದಲೆಳೆಯ ಗೆರೆಯಲ್ಲಿ. ಕೆಳಗೆ ಬರೆದಿತ್ತು: ಸೋಮವಾರ ಹನ್ನೊಂದರ ತನಕ. ಅದರ ಕೆಳಗೆ ಮುತ್ಯಾನ ಮಗನ ಫೋನ್ ನಂಬರು.

"ಗುಡ್ಡದಾಗ ಫೋನ್ ಹತ್ತಂಗಿಲ್ಲ," ಎಂದರು. "ಸೋಮವಾರ ಹನ್ನೊಂದಕ್ಕ ನಾ ಈ ಕುರ್ಚಿ ಮ್ಯಾಲೆ ಇರಲಿಲ್ಲಂದ್ರ ಈ ನಂಬರಿಗೆ ಹಚ್ಚು. ಚೀಟಿ ನೋಡಿ ಹೇಳು. ಅದಕಿಂತ ಮೊದಲ ಗಾಬರಿ ಆಗಬ್ಯಾಡ, ಅದಾದ ಮ್ಯಾಲೆ ತಡಾ ಮಾಡಬ್ಯಾಡ."

"ಇಷ್ಟು ದಿನ ಯಾರ ಕಡೆ ಕೊಡ್ತಿದ್ರಿ ಅಕ್ಕಾರ?"

"ಯಾರ ಕಡೇನೂ ಇಲ್ಲ. ಈಗ ನೀ ಸಿಕ್ಕೀಯಲ್ಲ."

ನನಗೆ ಹೆಮ್ಮೆಯಾಯಿತು. ಆಮೇಲೆ ತಿಂಗಳಿಗೊಂದು ಶುಕ್ರವಾರ ಒಂದು ಚೀಟಿ. ಸೋಮವಾರ ಅವರು ಬಂದು ಕುರ್ಚಿಯಲ್ಲಿ ಕೂತ ಮೇಲೆ ಅದನ್ನು ಹರಿದು ಹಾಕುತ್ತಿದ್ದೆ. ಒಮ್ಮೆಯೂ ಒಂಬತ್ತು ಐವತ್ತು ದಾಟಿಸಿ ಬರಲಿಲ್ಲ ಅವರು. ಮೂರು ವರ್ಷ ಹೀಗೆ ನಡೆದ ಮೇಲೆ ಚೀಟಿ ಎನ್ನುವುದು ನನಗೆ ಬಸ್ ಟಿಕೆಟ್ಟಿನ ಹಾಗಾಗಿಬಿಟ್ಟಿತು. ಇಸಿದುಕೊಳ್ಳುವುದು, ಚೀಲಕ್ಕೆ ತುರುಕುವುದು.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ತಿಂಗಳು. ಹುನಗುಂದದಲ್ಲಿ ನನ್ನ ಗಂಡನ ಮನೆ. ಅಲ್ಲಿ ಸೋಮವಾರ ಬಸುರಿ ನಾದಿನಿಯ ಕುಬಸದ ಕಾರ್ಯವಿತ್ತು. ನಾನು ಸೋಮವಾರ ರಜೆ ಹಾಕಿದ್ದೆ. ಶುಕ್ರವಾರ ಸಂಜೆ ಅಕ್ಕಾರು ಚೀಟಿ ಕೊಟ್ಟರು. ಸೋಮವಾರ ನಾನು ಇರುವುದಿಲ್ಲ, ಬೇರೆಯವರಿಗೆ ಕೊಡಿ ಎಂದು ಹೇಳಬೇಕಿತ್ತು. ಇಲ್ಲವೇ, ಹುನಗುಂದದಿಂದಲೇ ಕಚೇರಿಗೆ ಫೋನ್ ಮಾಡಿ ವಿಚಾರಿಸಬೇಕೆಂದಾದರೂ ನೆನಪಿಟ್ಟುಕೊಳ್ಳಬೇಕಿತ್ತು. ಬಸ್ಸಿನ ಗಡಿಬಿಡಿ, ನಾಲ್ಕು ವರ್ಷದ ಮಗಳ ರಗಳೆ. ಚೀಟಿ ಕಚೇರಿಯ ಚೀಲದ ಒಳಜೇಬಿಗೆ ಹೋಯಿತು. ಆ ಚೀಲ ನವನಗರದ ಮನೆಯ ಗೂಟಕ್ಕೆ ಹೋಯಿತು. ನಾನು ಬೇರೆ ಚೀಲ ಹಿಡಿದು ಹುನಗುಂದಕ್ಕೆ ಹೋದೆ.

ಸೋಮವಾರ ಹನ್ನೊಂದಕ್ಕೆ ನಾನು ಎಲ್ಲಿದ್ದೆ ಎಂದು ನನಗೆ ಸರಿಯಾಗಿ ಗೊತ್ತು. ಪಡಸಾಲೆಯಲ್ಲಿ ಬಳೆಗಾರನ ಮುಂದೆ ಕೈಚಾಚಿ ಕೂತು ಹಸಿರು ಬಳೆ ಇಡಿಸಿಕೊಳ್ಳುತ್ತಿದ್ದೆ. ಒಂದು ಬಳೆ ಒಡೆಯಿತು, ಎಲ್ಲರೂ ನಕ್ಕರು, ನಾನೂ ನಕ್ಕೆ.

ಮಂಗಳವಾರ ಹತ್ತು ಗಂಟೆಗೆ ಕಚೇರಿಗೆ ಬಂದೆ. ಬೇವಿನ ಮರದ ಕೆಳಗೆ ನಾಯಿ ಇರಲಿಲ್ಲ. ಅಷ್ಟಾದರೂ ನನಗೆ ಹೊಳೆಯಲಿಲ್ಲ. ಒಳಗೆ ಬಂದು ಕೂತು, ಪಕ್ಕದ ಕುರ್ಚಿ ನೋಡಿ, "ಅಕ್ಕಾರು ಇನ್ನೂ ಬಂದಿಲ್ಲೇನು?" ಎಂದು ಕೇಳಿದೆ.

"ನಿನ್ನೇನೂ ಬಂದಿಲ್ಲ," ಎಂದ ಜವಾನ. "ನೀವಿಬ್ಬರೂ ಕೂಡೇ ರಜಾ ಹಾಕೀರಿ ಅಂದ್ಕೊಂಡಿದ್ವಿ."

ಚೀಲ ಹೆಗಲಲ್ಲೇ ಇತ್ತು. ಒಳಜೇಬಿನಲ್ಲಿ ಚೀಟಿ ಮಡಚಿದ್ದು ಮಡಚಿದ ಹಾಗೇ ಇತ್ತು.

ಮುತ್ಯಾನ ಮಗನಿಗೆ ಫೋನ್ ಮಾಡಿದೆ, ಗಂಡನಿಗೆ ಫೋನ್ ಮಾಡಿದೆ. ಗಂಡ ಕೆಲಸ ಬಿಟ್ಟು ಬೈಕ್ ತಂದರು. ದಾರಿಯುದ್ದಕ್ಕೂ ನಾನು ಅವರ ಬೆನ್ನಿಗೆ ಹಣೆ ಹಚ್ಚಿ ಕೂತಿದ್ದೆ. ಬಾದಾಮಿಯ ಸ್ಟ್ಯಾಂಡಿನಲ್ಲಿ ಅಕ್ಕಾರ ಸ್ಕೂಟಿ ಹಾಗೇ ನಿಂತಿತ್ತು, ಸೀಟಿನ ಮೇಲೆ ಧೂಳು.

ಮುತ್ಯಾ ಗುಡ್ಡದ ಬುಡದಲ್ಲಿ ಹಗ್ಗ, ಕಂಬಳಿ, ನೀರಿನ ಕೊಡ ಹಿಡಿದು ಕಾಯುತ್ತಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ. ಚೀಟಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ನೋಡಿದ, ಒಂದು ಗೆರೆಯ ಮೇಲೆ ಉಗುರು ಇಟ್ಟ. "ಈ ಕೊಳ್ಳ ನನಗ ಗೊತ್ತೈತಿ. ನಡೀರಿ." ನಾನೂ ಬರುತ್ತೇನೆ ಎಂದೆ. ಬೇಡ ಎಂದು ಇಬ್ಬರೂ ಹೇಳಿದರು. ನಾನು ಕೇಳಲಿಲ್ಲ. ಅರ್ಧ ದಾರಿಯಲ್ಲಿ ನನ್ನ ಚಪ್ಪಲಿಯ ಉಂಗುಟ ಕಿತ್ತಿತು. ಎರಡನ್ನೂ ಅಲ್ಲೇ ಬಿಟ್ಟೆ. ಕಲ್ಲು ಹಂಚಿನ ಹಾಗೆ ಕಾದಿತ್ತು. ಕಾಲು ಸುಡುವುದು ನನಗೆ ಬೇಕಾಗಿತ್ತು ಎನಿಸುತ್ತಿತ್ತು.

ಕೊಳ್ಳದ ಬಾಯಿಗೆ ಬಂದು ಮುತ್ಯಾ ಕೂಗಿದ. "ಯವ್ವಾ!" ಉತ್ತರವಿಲ್ಲ. ಇನ್ನಷ್ಟು ಮುಂದೆ ಹೋಗಿ, ಎರಡೂ ಕೈ ಬಾಯಿಗೆ ಹಿಡಿದು, "ಕೆಂಚ್ಯಾ! ಏ ಕೆಂಚ್ಯಾ!" ಎಂದ. ಎಲ್ಲಿಂದಲೋ, ನೆಲದೊಳಗಿಂದ ಬಂದ ಹಾಗೆ, ಒಂದು ಸಣ್ಣ ಬೊಗಳು ಕೇಳಿತು.

ಎರಡು ದೊಡ್ಡ ಬಂಡೆಗಳ ನಡುವೆ ಒಂದು ಸಂದು. ಎರಡಾಳು ಆಳ, ಒಬ್ಬರು ಕೂರುವಷ್ಟು ಅಗಲ. ತಳದಲ್ಲಿ ಅಕ್ಕಾರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ತೊಡೆಯ ಮೇಲೆ ಕೆಂಚ್ಯಾ. ಅವರ ಸೆರಗು ಅರ್ಧ ಹರಿದು ಅವನ ಹಿಂಗಾಲಿಗೆ ಸುತ್ತಿತ್ತು, ಕಪ್ಪಗೆ ಒಣಗಿದ ರಕ್ತ. ಅವರ ತುಟಿಗಳು ಸೀಳಿಹೋಗಿದ್ದವು. ಕಣ್ಣು ಮಾತ್ರ ತೆರೆದಿದ್ದವು. ಮೇಲೆ ನೋಡಿ, ಬೆಳಕಿಗೆ ಕಣ್ಣು ಕಿರಿದು ಮಾಡಿ, ನನ್ನ ಗುರುತು ಹಿಡಿದರು.

"ಮನ್ಯಾಗ ಎಲ್ಲಾರೂ ಆರಾಮ ಅದಾರೇನು?" ಎಂದು ಕೇಳಿದರು. ದನಿ ಹೊರಡುತ್ತಿರಲಿಲ್ಲ, ಮತ್ತೆ ಕೇಳಿದರು. "ಮಗಳು? ಮಗಳು ಆರಾಮ ಅದಾಳೇನು?"

"ಆರಾಮ ಅದಾಳ್ರಿ ಅಕ್ಕಾರ."

"ನಿನ್ನೆ ನೀ ಯಾರನ್ನೂ ಕಳಸಲಿಲ್ಲಂದ್ರ ಕೂಸಿಗೆ ಏನೋ ಆಗೇತಿ ಅಂತ ಅಂಜಿದ್ದೆ. ದವಾಖಾನ್ಯಾಗ ಇದ್ದಾಳೋ ಏನೋ ಅಂತ. ನಿನ್ನೆ ಮಧ್ಯಾಹ್ನದಿಂದ ಅದನ್ನ ಯೋಚನೆ ಮಾಡಾಕ ಹತ್ತೀನಿ."

ಹೌದು, ಮಗಳಿಗೆ ಜ್ವರ ಬಂದಿತ್ತು ಎಂದು ಹೇಳಬಹುದಿತ್ತು. ಅವರೇ ನೆಪ ಕೈಗೆ ಕೊಟ್ಟಿದ್ದರು. ನಾನು ಆ ಸಂದಿನ ಅಂಚಿನಲ್ಲಿ ಮೊಣಕಾಲೂರಿ, "ಏನೂ ಆಗಿಲ್ರಿ ಅಕ್ಕಾರ. ನಾ ಮರ್ತೆ" ಎಂದೆ.

ಅವರು ಕೆಂಚ್ಯಾನ ತಲೆ ಸವರಿದರು.

"ಹಂಗಾರ ಛಲೋ ಆತು," ಎಂದರು. "ನೀರು ಇಳಸು. ಮೊದಲ ಇವನಿಗೆ."

ಆಗಿದ್ದನ್ನು ಆಮೇಲೆ ಅವರೇ ಹೇಳಿದರು. ಭಾನುವಾರ ಮಧ್ಯಾಹ್ನ ಕೆಂಚ್ಯಾ ಒಂದು ಉಡದ ಬೆನ್ನು ಹತ್ತಿ ಓಡಿ ಆ ಸಂದಿಗೆ ಬಿದ್ದ. ಅವರು ಒಂದು ಗೋಡೆಗೆ ಬೆನ್ನು, ಇನ್ನೊಂದಕ್ಕೆ ಕಾಲು ಒತ್ತಿ ಕೆಳಗಿಳಿದರು. ನಾಯಿಯ ಹಿಂಗಾಲಿನ ಮೂಳೆ ಮುರಿದು ಹೊರಗೆ ಬಂದಿತ್ತು. ಸೆರಗು ಹರಿದು ಬಿಗಿಯಾಗಿ ಕಟ್ಟಿ ರಕ್ತ ನಿಲ್ಲಿಸಿದರು. ಬಂದ ಹಾಗೇ ಅವರೊಬ್ಬರು ಮೇಲೆ ಹತ್ತಿ ಹೋಗಬಹುದಿತ್ತು. ಅವರು ಏಳುತ್ತಲೇ ನಾಯಿಯೂ ಏಳಲು ಹೊರಳಾಡಿ, ಕಟ್ಟು ಸಡಿಲಾಗಿ, ಮತ್ತೆ ರಕ್ತ ಚಿಮ್ಮುತ್ತಿತ್ತು. ಎರಡು ಸಲ ಎದ್ದು ನೋಡಿ, ಮೂರನೆಯ ಸಲ ಕೂತೇಬಿಟ್ಟರು.

"ಬರೇ ಒಂದು ದಿನದ ಮಾತು ಅಂತ ಲೆಕ್ಕ ಹಾಕಿದೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಮುತ್ಯಾ ಬರ್ತಾನ, ಅಲ್ಲೀತನಕ ನೀರು ಸಾಕು ಅಂತ."

ಅಂದರೆ ನನ್ನನ್ನು ನಂಬಿ ಕೂತಿದ್ದರು.

ಹಗ್ಗ ಇಳಿಬಿಟ್ಟು ಇಬ್ಬರನ್ನೂ ಮೇಲೆ ತಂದ ಮೇಲೆ ಮುತ್ಯಾ ತನ್ನ ಸೊಂಟದ ಚೀಲದಿಂದ ಭಂಡಾರ ತೆಗೆದು ನಾಯಿಯ ಹಣೆಗೂ ಅಕ್ಕಾರ ಹಣೆಗೂ ಹಚ್ಚಿದ. ಕಂಬಳಿಯಲ್ಲಿ ನಾಯಿಯನ್ನು ಕಟ್ಟಿ ಅವನೂ ನನ್ನ ಗಂಡನೂ ಹೊತ್ತು ಇಳಿದರು. ಅಕ್ಕಾರು ಕೋಲೂರಿಕೊಂಡು ತಾವೇ ನಡೆದು ಇಳಿದರು. ನನ್ನ ಹೆಗಲಿಗೆ ಕೈ ಹಾಕಿದ್ದು ಎರಡೇ ಕಡೆ. ಕೆಂಚ್ಯಾನ ಹಿಂಗಾಲು ಉಳಿಯಲಿಲ್ಲ, ದನದ ಡಾಕ್ಟರು ಕತ್ತರಿಸಿ ಹೊಲಿದರು. ನಾಯಿ ಉಳಿಯಿತು.

ಆ ವಾರ ಕಚೇರಿಯಲ್ಲಿ ನಡೆದದ್ದನ್ನು ಬರೆಯಲು ನನಗೆ ಇವತ್ತಿಗೂ ನಾಚಿಕೆ. ಸಾಹೇಬರು ಅಕ್ಕಾರನ್ನು ಕರೆಸಿ ಎಲ್ಲರೆದುರು ಹೇಳಿದರು, "ಒಂದು ನಾಯಿ ಸಲುವಾಗಿ ಜೀವಾ ಕಳಕೋತಿದ್ರಿ. ಇನ್ನ ಮ್ಯಾಲೆ ಹಿಂಗ ಒಬ್ಬಾಕಿನ ಹೋಗಂಗಿಲ್ಲ ಅಂತ ಬರದು ಕೊಡ್ರಿ."

"ಎರಡು ದಿನದ ರಜಾ ಅರ್ಜಿ ಬರದು ಕೊಡ್ತೇನ್ರಿ ಸಾಹೇಬ್ರ," ಎಂದರು ಅಕ್ಕಾರು. "ಅದಕಿಂತ ಹೆಚ್ಚಿಂದು ಬರಿಯಂಗಿಲ್ಲ."

ಎಲ್ಲರೂ ಅವರ ಹುಚ್ಚಿನ ಬಗ್ಗೆಯೇ ಮಾತಾಡಿದರು. ಹೇಳಿ ಹೋಗಬಾರದೇ, ಯಾರಿಗಾದರೂ ತಿಳಿಸಿ ಹೋಗಬಾರದೇ ಎಂದರು. ಅವರು ಹೇಳಿಯೇ ಹೋಗಿದ್ದರು, ಚೀಟಿ ನನ್ನ ಚೀಲದಲ್ಲಿತ್ತು ಎಂದು ನಾನು ಬಾಯಿ ಬಿಡಲಿಲ್ಲ. ಅಕ್ಕಾರೂ ಬಿಡಲಿಲ್ಲ. ನಾನು ಫೈಲಿನೊಳಗೆ ತಲೆ ಹಾಕಿ ಕೂತಿದ್ದೆ. ಒಂದು ವಾರ, ಒಂದು ತಿಂಗಳು ಆಯಿತು, ಆಮೇಲೆ ಹೇಳುವ ಸಮಯವೇ ಮೀರಿಹೋಯಿತು ಎಂದು ಸಮಾಧಾನ ಮಾಡಿಕೊಂಡೆ.

ಮಳೆಗಾಲ ಕಳೆದು, ಕೆಂಚ್ಯಾ ಮೂರು ಕಾಲಿನ ಮೇಲೆ ಓಡುವುದನ್ನು ಕಲಿತ ಮೇಲೆ, ಒಂದು ಶುಕ್ರವಾರ ನನ್ನ ಮೇಜಿನ ಮೇಲೆ ಮತ್ತೆ ಚೀಟಿ ಬಂತು.

"ಬ್ಯಾಡ್ರಿ ಅಕ್ಕಾರ," ಎಂದೆ. ಚೀಟಿಯನ್ನು ಅವರ ಕಡೆ ಸರಿಸಿದೆ. "ಬ್ಯಾರೆ ಯಾರಿಗರ ಕೊಡ್ರಿ."

ಅವರು ಗೆರೆ ಎಳೆಯುತ್ತಿದ್ದ ಪೆನ್ನನ್ನು ಎತ್ತಲಿಲ್ಲ. "ನೀ ಒಮ್ಮೆ ಮರ್ತು ಮುಗಿಸೀಯಲ್ಲ. ಹೊಸಬರಿಗೆ ಕೊಟ್ರ ಅವರದು ಮರೆಯೋದು ಇನ್ನಾ ಬಾಕಿ ಇರ್ತೈತಿ."

ಆಮೇಲೆ ಅವರು ನಿವೃತ್ತರಾಗುವವರೆಗೂ, ಆಮೇಲೆಯೂ, ಚೀಟಿ ನನಗೇ ಬಂತು. ನಿವೃತ್ತಿಯ ನಂತರ ಮನೆಗೇ ತಂದುಕೊಡುತ್ತಿದ್ದರು. ಸೋಮವಾರ ಹನ್ನೊಂದಕ್ಕೆ ನಾನು ಯಾರ ಮದುವೆಯಲ್ಲಿದ್ದರೂ ಎದ್ದು ಫೋನ್ ಮಾಡುತ್ತಿದ್ದೆ. ದಾರಿಗಳು ಬದಲಾದವು. ಕಡಿದಾದ ಏರು ಬಿಟ್ಟು ಮೂರು ಕಾಲಿಗೆ ಆಗುವಂಥ ಸುತ್ತುದಾರಿಗಳನ್ನು ಹುಡುಕಿಕೊಂಡರು. ಆಯಾಸ ಆಗುವುದಿಲ್ಲವೇ ಎಂದರೆ, "ಇಬ್ಬರದೂ ಕೂಡಿ ಐದು ಕಾಲು ಅದಾವು. ಸಾಕಾಗ್ತಾವು" ಎನ್ನುತ್ತಿದ್ದರು. ಹೋದ ವರ್ಷ ಕೆಂಚ್ಯಾ ಮುದಿಯಾಗಿ ಸತ್ತ. ಅವನನ್ನು ಕಚೇರಿಯ ಆ ಬೇವಿನ ಮರದ ಬುಡಕ್ಕೆ ಮಣ್ಣು ಮಾಡಿ, ಮುಂದಿನ ತಿಂಗಳು ಅಕ್ಕಾರು ಒಬ್ಬರೇ ಹೋದರು. ಬಂದ ಮೇಲೆ, ಹೇಗಿತ್ತು ಎಂದು ಕೇಳಿದೆ. "ಎರಡು ಸಲ ರೊಟ್ಟಿ ನೆನೆ ಹಾಕಿದೆ ನೋಡು," ಎಂದರು. ಮತ್ತೇನೂ ಹೇಳಲಿಲ್ಲ.

ಅವರನ್ನು ಇಳಕಲ್ಲಿಗೆ ಒಯ್ದು ಮಣ್ಣು ಮಾಡಿದರು. ಮೂರನೆಯ ದಿನ ಮಾತಾಡಿಸಿ ಬರಲು ಕಚೇರಿಯಿಂದ ಐದಾರು ಜನ ಹೋದೆವು. ನಿವೃತ್ತರಾದ ಸಾಹೇಬರೂ ಬಂದಿದ್ದರು. ಮಗ್ಗಗಳು ನಿಂತಿದ್ದವು. ಅಕ್ಕಾರ ತಮ್ಮ ನಮ್ಮನ್ನು ಪಡಸಾಲೆಯಲ್ಲಿ ಜಮಖಾನ ಹಾಸಿ ಕೂರಿಸಿದ. ಅವರ ಕೆಲಸ, ಅವರ ಅಕ್ಷರ, ಅವರ ನೆನಪಿನ ಶಕ್ತಿ ಎಂದು ಎಲ್ಲರೂ ಒಳ್ಳೆಯ ಮಾತಾಡಿದರು. ಸಾಹೇಬರು ತಲೆ ಅಲ್ಲಾಡಿಸಿ, "ಅದೊಂದು ಗುಡ್ಡದ ಹುಚ್ಚು ಇತ್ತು ನೋಡ್ರಿ. ಒಮ್ಮೆ ಎರಡು ದಿನ ಸಿಕ್ಕೊಂಡು ಅಲ್ಲೇ ಹೋಗಿಬಿಡ್ತಿದ್ರು" ಎಂದರು.

"ಆವತ್ತು ಆಕೀದ ತಪ್ಪು ಬಿಡ್ರಿ," ಎಂದ ತಮ್ಮ. "ಚೀಟಿಯೊಳಗ ಸೋಮವಾರ ಅಂತ ಬರಿಯೋದು ಬಿಟ್ಟು ಮಂಗಳವಾರ ಅಂತ ಬರದಿದ್ಲಂತ. ಅದಕ ಒಂದು ದಿನಾ ತಡಾ ಆತು. ಆಕೀನ ನಮಗ ಹೇಳಿದ್ಲು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು. ಸುತ್ತ ನೋಡಿದೆ. ಎಲ್ಲರೂ ಹೌದೆನ್ನುವ ಹಾಗೆ ತಲೆ ಆಡಿಸುತ್ತಿದ್ದರು. ನಾನು ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ, ಕೂತು ಹೇಳಲು ಆ ಮಾತು ಬರುವಂತಿರಲಿಲ್ಲ.

"ಅವರು ತಪ್ಪು ಬರದಿರಲಿಲ್ರಿ ಅಣ್ಣಾರ. ಸೋಮವಾರ ಅಂತಾನ ಬರದಿದ್ರು. ಚೀಟಿ ನನ್ನ ಕಡೆ ಇತ್ತು. ಮರ್ತಾಕಿ ನಾನು. ಸಾಹೇಬ್ರ, ಅವತ್ತು ನೀವು ಅವರಿಗೆ ಬೈಯ್ಯುವಾಗ ನಾ ಅಲ್ಲೇ ಕುಂತಿದ್ದೆ. ಹೇಳಲಿಲ್ಲ."

ಸಾಹೇಬರು ನನ್ನ ಮುಖ ನೋಡಿ, ಆಮೇಲೆ ತಮ್ಮ ಕೈ ನೋಡಿಕೊಂಡರು. ಒಳಗೆ ಚಹಾ ಸೋಸುತ್ತಿದ್ದ ತಮ್ಮನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಈಗ ತಮ್ಮ ಏನಾದರೂ ಅಂದರೆ ತಲೆ ಬಗ್ಗಿಸಿ ಕೇಳಬೇಕು ಎಂದುಕೊಂಡು ನಾನು ನಿಂತೇ ಇದ್ದೆ.

"ಏಳು ವರ್ಷ," ಎಂದ ಅವನು, ನಿಧಾನವಾಗಿ. "ಏಳು ವರ್ಷ ಕಾಡಿಸೀವ್ರಿ ಆಕಿನ್ನ. ಹಬ್ಬಕ್ಕ ಬಂದು ಹೊಸ್ತಿಲಾ ದಾಟೂದ ತಡಾ, ಯಕ್ಕಾ, ಇವತ್ತ ಯಾವ ವಾರ ಹೇಳು ನೋಡೂಣು ಅಂತ ಕೇಳ್ತಿದ್ವಿ. ನಮ್ಮ ಹುಡುಗೂರೂ ಕೇಳತಿದ್ವು. ಆಕಿ ಯಾವತ್ತೂ ಮಂಗಳವಾರ ಅಂತಿದ್ಲು. ದೀಪಾವಳಿ ಐತವಾರ ಬಂದ್ರೂ ಮಂಗಳವಾರ. ನಾವು ಬಿದ್ದು ಬಿದ್ದು ನಗ್ತಿದ್ವಿ, ಆಕೀನೂ ನಗ್ತಿದ್ಲು."

ಹೆಗಲ ಮೇಲಿನ ವಸ್ತ್ರ ಎಳೆದು ಮುಖಕ್ಕೆ ಒತ್ತಿಕೊಂಡ. ಭುಜ ಅಲುಗತೊಡಗಿದವು. ಅಳುತ್ತಿದ್ದಾನೆ ಎಂದು ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ವಸ್ತ್ರ ಸರಿಸಿದಾಗ ಅವನು ನಗುತ್ತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯೂ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ಮೂರು ದಿನದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲವಂತೆ.